ಸಂಜೆ ಖಾಲಿಯಾಗುವ ಪೆಟ್ಟಿಗೆ

ಕೆಲಸ ವಹಿಸಿದ ದಿನ ದೊಡ್ಡ ಸಾಹುಕಾರರು ನನಗೆ ಹೇಳಿದ್ದು ಇಷ್ಟೇ: ಹೊಸಪೇಟೆ, ಕಂಪ್ಲಿ, ಸಂಡೂರು, ಮೂರೂ ಕಡೆ ಒಂದೇ ಟಪಾಲು ಕಾಣಬೇಕು. ಹೇಳಿದ್ದು ಹೊಸಪೇಟೆಯ ಚಿತ್ತವಾಡ್ಗಿ ಬಡಾವಣೆಯ ಕಚೇರಿಯಲ್ಲಿ ಎಂಬುದು ಖಚಿತ. ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದು ಖಚಿತವಲ್ಲ. ಈ ಬರಹದಲ್ಲಿ ಸರ್ವರಿನ ಲಾಗ್‌ನಿಂದ, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆಯಿಂದ, ಎತ್ತಿಕೊಂಡ ಸಂಗತಿಗಳನ್ನು ಓದುಗರು ನಂಬಬಹುದು. ಉಳಿದದ್ದು ನನ್ನ ನೆನಪು. ಅದರ ಮೇಲೆ ನನಗೇ ಎಷ್ಟು ಭರವಸೆ ಉಳಿದಿದೆ ಎಂಬುದು ಮುಂದೆ ತಿಳಿಯುತ್ತದೆ.

ಸಂಸ್ಥೆ ಮೂವರು ಅಣ್ಣತಮ್ಮಂದಿರದು. ದೊಡ್ಡವರು ಹೊಸಪೇಟೆಯ ಮುಖ್ಯ ಕಚೇರಿಯಲ್ಲಿ ಕೂರುತ್ತಾರೆ. ನಡುವಿನವರು ಕಂಪ್ಲಿಯ ಅಕ್ಕಿ ಗಿರಣಿ ನೋಡಿಕೊಳ್ಳುತ್ತಾರೆ. ಸಣ್ಣವರು ಸಂಡೂರಿನಲ್ಲಿ ಅದಿರು ಸಾಗಿಸುವ ಲಾರಿಗಳನ್ನೂ ಹಂಪಿಯ ಹತ್ತಿರ ಒಂದು ಅತಿಥಿಗೃಹವನ್ನೂ ನಡೆಸುತ್ತಾರೆ. ತಂದೆಯ ಕಾಲದಿಂದ ಸಂಸ್ಥೆಯ ಹೆಸರು ಒಂದೇ, ಹಾಗಾಗಿ ಇಮೇಲ್ ವಿಳಾಸವೂ ಒಂದೇ. ಆ ವಿಳಾಸಕ್ಕೆ ಬಂದದ್ದೆಲ್ಲ ಹೊಸಪೇಟೆಯ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಳಿಯುತ್ತಿತ್ತು. ಅದರ ಮುಂದೆ ಕೂರುತ್ತಿದ್ದವರು ಗುಮಾಸ್ತರು. ತಂದೆಯ ಕಾಲದಲ್ಲೇ ಕೆಲಸಕ್ಕೆ ಸೇರಿದವರು, ಅರವತ್ತು ದಾಟಿದವರು. ಹಣೆಯ ವಿಭೂತಿ ಸಂಜೆಯವರೆಗೂ ಉಳಿಯಲೆಂದು ಬೆವರನ್ನು ಕರವಸ್ತ್ರದಿಂದ ಒರೆಸಿಕೊಳ್ಳದೆ ಮೆಲ್ಲಗೆ ಒತ್ತಿಕೊಳ್ಳುವವರು. ಬಂದ ಪತ್ರಗಳಲ್ಲಿ ಕಂಪ್ಲಿಗೆ ಸಂಬಂಧಿಸಿದ್ದನ್ನು ಕಂಪ್ಲಿಗೆ, ಸಂಡೂರಿನದನ್ನು ಸಂಡೂರಿಗೆ ಅವರೇ ಮುಂದಕ್ಕೆ ಕಳಿಸುತ್ತಿದ್ದರು.

ಈ ಏರ್ಪಾಡು ಸಣ್ಣವರಿಗೆ ಸರಿಬರುತ್ತಿರಲಿಲ್ಲ. ತಮ್ಮ ಪತ್ರಗಳನ್ನು ಅಣ್ಣ ಮೊದಲು ನೋಡುತ್ತಾರೆ, ಬೇಕಾದಷ್ಟನ್ನೇ ಕಳಿಸುತ್ತಾರೆ ಎಂಬ ಗುಮಾನಿ ಅವರಿಗಿತ್ತು. ಮನೆ ಬೇರೆಯಾಗುವ ಮಾತೂ ಆಗಲೇ ಶುರುವಾಗಿತ್ತು. ಮೂವರಿಗೂ ಒಂದೇ ಪೆಟ್ಟಿಗೆ ಕಂಡರೆ ಅನುಮಾನವಾದರೂ ತೀರಲಿ ಎಂದು ನಡುವಿನವರು ಸಲಹೆ ಕೊಟ್ಟು, ಅದರ ಫಲವಾಗಿ ಕಂಪ್ಯೂಟರ್ ಜೋಡಿಸಿಕೊಡುವ ನನ್ನನ್ನು ಕರೆಸಿದ್ದರು. ನಾನು ಮೊದಲ ಸಲ ಸಂಡೂರಿಗೆ ಹೋದಾಗ ಸಣ್ಣವರು ಚಹಾ ತರಿಸಿ ಹೇಳಿದರು:

“ನೋಡ್ರಿ ಸರ, ನಮ್ಮಣ್ಣಾರ ಮ್ಯಾಲ ನನಗೇನೂ ಸಂಶಯ ಇಲ್ಲ. ಆ ಗುಮಾಸ್ತರು ಮಾತ್ರ ಅವರ ಮಂದಿ.”

ಸಂಶಯ ಇಲ್ಲವೆಂದು ಆ ಅರ್ಧ ಗಂಟೆಯಲ್ಲಿ ಅವರು ಮೂರು ಸಲ ಹೇಳಿದರು.

ಮೊದಲ ವಾರ ನಾನು ಏನನ್ನೂ ಜೋಡಿಸಲಿಲ್ಲ, ಇದ್ದದ್ದನ್ನು ಬರೆದುಕೊಂಡೆ. ಹೊಸಪೇಟೆಯಲ್ಲಿ ಅಕ್ಕಪಕ್ಕದ ಎರಡು ಮೇಜುಗಳ ಮೇಲೆ ಎರಡು ಡೆಸ್ಕ್‌ಟಾಪ್‌ಗಳು. ಒಂದು ಗುಮಾಸ್ತರದು, ಇನ್ನೊಂದು ಯಾರಾದರೂ ಬಂದರೆ ಬಳಸಲಿಕ್ಕೆ ಇಟ್ಟದ್ದು. ಎರಡರಲ್ಲೂ ಅದೇ ಹಳೆಯ ಮೇಲ್ ಪ್ರೋಗ್ರಾಮ್, ಎರಡರ ಪರದೆಯ ಮೇಲೂ ಗಿರಣಿಯ ಅಕ್ಕಿ ಚೀಲದ ಅದೇ ಚಿತ್ರ. ಪ್ರೋಗ್ರಾಮ್ ಕೆಲಸ ಮಾಡುತ್ತಿದ್ದದ್ದು ಪಾಪ್ ಎಂಬ ಹಳೆಯ ಪದ್ಧತಿಯಲ್ಲಿ. ಅದು ಸರ್ವರಿನಿಂದ ಪತ್ರದ ಒಂದು ಪ್ರತಿಯನ್ನು ತನ್ನ ಡಿಸ್ಕಿಗೆ ಇಳಿಸಿಕೊಳ್ಳುತ್ತದೆ. ಆಮೇಲೆ ಆ ಪ್ರತಿಯನ್ನು ನೀವು ಇಟ್ಟುಕೊಂಡರೂ ಅಳಿಸಿದರೂ ಸರ್ವರಿಗೆ ಗೊತ್ತಾಗುವುದಿಲ್ಲ.

ಸಂಡೂರಿನ ಲಾರಿ ಕಚೇರಿಯಲ್ಲಿ ಹಿಂದೊಮ್ಮೆ ಒಬ್ಬ ಎಂಜಿನಿಯರ್ ಹಾಕಿಕೊಟ್ಟು ಹೋಗಿದ್ದ, ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ನಡೆಯುವ ಯಂತ್ರವಿತ್ತು. ಅದರೊಳಗೇ ಒಂದು ಪುಟ್ಟ ಮೇಲ್ ಸರ್ವರ್, ಐದಾರು ಜನರಿಗೆ ಒಳಗಿನ ವಿಳಾಸಗಳು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟದೆ ಇದ್ದದ್ದರಿಂದಲೇ ಅದು ಇನ್ನೂ ನಡೆಯುತ್ತಿತ್ತು ಎಂದು ನನಗನ್ನಿಸಿತು. ಕಂಪ್ಲಿಯಲ್ಲಿ ಕಂಪ್ಯೂಟರೇ ಇರಲಿಲ್ಲ. ನಡುವಿನವರು ಎಲ್ಲವನ್ನೂ ಫೋನಿನಲ್ಲೇ ನೋಡುತ್ತಿದ್ದರು. ಫೋನ್ ಮಾಡುವ ಬದಲು ಮೇಲ್ ಏಕೆ ಬೇಕು ಎಂದು ಕೇಳಿದ್ದಕ್ಕೆ, “ಗಿರಣಿ ಸಪ್ಪಳದಾಗ ಫೋನ್ ಬಡ್ಕೊಂಡ್ರ ಕೇಳಂಗಿಲ್ರಿ. ಮೇಲ್ ಆದ್ರ ಸುಮ್ನ ಕುಂತಿರ್ತೈತಿ” ಎಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ಅಗತ್ಯ ಅದೇ.

ದಾರಿ ಕಷ್ಟದ್ದಾಗಿರಲಿಲ್ಲ. ಪಾಪ್ ಬಿಟ್ಟು ಐಮ್ಯಾಪ್ ಎಂಬ ಪದ್ಧತಿಗೆ ಬರಬೇಕು. ಇದರಲ್ಲಿ ಪತ್ರಗಳು ಸರ್ವರಿನಲ್ಲೇ ಇರುತ್ತವೆ. ಒಂದೇ ಕಪಾಟು, ಅದಕ್ಕೆ ಮೂರು ಊರುಗಳಿಂದ ಮೂರು ಕಿಟಕಿಗಳು. ಹೊಸಪೇಟೆಯ ಡೆಸ್ಕ್‌ಟಾಪ್‌ಗಳು ನೇರವಾಗಿ ಆ ಕಪಾಟನ್ನು ನೋಡುತ್ತವೆ, ಕಂಪ್ಲಿಯ ಫೋನೂ ಹಾಗೆಯೇ. ಸಂಡೂರಿನ ಲಿನಕ್ಸ್ ಯಂತ್ರದಲ್ಲಿ ಮಾತ್ರ ಒಂದು ಸಣ್ಣ ಪ್ರೋಗ್ರಾಮ್ ಹತ್ತು ನಿಮಿಷಕ್ಕೊಮ್ಮೆ ಕಪಾಟಿಗೂ ತನ್ನ ಒಳಗಿನ ಪೆಟ್ಟಿಗೆಗೂ ತಾಳೆ ನೋಡಿ, ಎರಡನ್ನೂ ಒಂದೇ ರೀತಿ ಇಡುತ್ತದೆ. ಅಲ್ಲಿ ಹೊಸತು ಬಂದರೆ ಇಲ್ಲಿಗೆ ಬರುತ್ತದೆ. ಅಲ್ಲಿ ಇಲ್ಲವಾದರೆ ಇಲ್ಲಿಯೂ ಇಲ್ಲವಾಗುತ್ತದೆ.

ಕಷ್ಟವಾದದ್ದು ಅಂಚುಗಳಲ್ಲಿ. ಹೊಸಪೇಟೆಯಿಂದ ಕಳಿಸಿದ ಲಗತ್ತುಗಳು ಸಂಡೂರಿನಲ್ಲಿ ತೆರೆಯಲಿಲ್ಲ. ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಮ್ ಪತ್ರವನ್ನು ತನ್ನದೇ ಒಂದು ರೂಪದಲ್ಲಿ ಕಟ್ಟುತ್ತಿತ್ತು. ಅದೇ ಜಾತಿಯ ಪ್ರೋಗ್ರಾಮ್ ಬಿಟ್ಟರೆ ಬೇರೆ ಯಾವುದಕ್ಕೂ ಆ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಎಲ್ಲ ಲಗತ್ತುಗಳೂ ಅಲ್ಲಿ ಅರ್ಥವಿಲ್ಲದ ಹೆಸರಿನ ಒಂದೇ ಕಡತವಾಗಿ ಕಾಣಿಸುತ್ತಿದ್ದವು. ವಿವರಿಸಿದಾಗ ಗುಮಾಸ್ತರು ಸ್ವಲ್ಪ ಯೋಚಿಸಿ, “ಅಂದ್ರ ನಾ ಲಕೋಟಿ ಕಳಿಸಿದ್ರ ಅವರಿಗೆ ಬರೇ ಅಂಟು ಮುಟ್ಟೇತಿ” ಎಂದರು. ಕಳಿಸುವ ರೂಪವನ್ನು ಸಾದಾ ಪಠ್ಯಕ್ಕೆ ಬದಲಿಸಿದ ಮೇಲೆ ಅದು ಸರಿಹೋಯಿತು.

ಆಮೇಲೆ ಕನ್ನಡದ ಸಮಸ್ಯೆ. ಗುಮಾಸ್ತರು ಪತ್ರಗಳನ್ನು ಯೂನಿಕೋಡ್‌ಗಿಂತ ಹಿಂದಿನ ಕಾಲದ ಒಂದು ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಕಂಪ್ಲಿಯಿಂದ ನಡುವಿನವರು ಫೋನ್ ಮಾಡಿ, ಗುಮಾಸ್ತರು ತಮ್ಮನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದಾರೆಯೇ ಎಂದು ವಿಚಾರಿಸಿದರು. ಕೀಲಿಗಳ ಜಾಗ ಬದಲಾಗದಂತೆ, ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಹಾಕಿಕೊಟ್ಟೆ. ಗುಮಾಸ್ತರು ಎರಡು ದಿನದಲ್ಲಿ ಒಗ್ಗಿಕೊಂಡರು.

ಸಂಡೂರಿನ ಸಂಪರ್ಕ ಮಾತ್ರ ಬಹಳ ಕಾಡಿತು. ರಸ್ತೆ ಅಗೆತದಲ್ಲಿ ಕೇಬಲ್ ತುಂಡಾಗುವುದು, ಅರ್ಧ ಪತ್ರ ಇಳಿದು ನಿಲ್ಲುವುದು, ಅದೇ ಪತ್ರ ಮೂರು ಸಲ ಕಾಣುವುದು. ತಾಳೆ ನೋಡುವ ಕೆಲಸವನ್ನು ಸಣ್ಣ ಸಣ್ಣ ಕಂತುಗಳಿಗೆ ಒಡೆದೆ. ಕಡಿದುಹೋದರೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುವಂತೆ ಮಾಡಿದೆ. ಫೋನಿನಲ್ಲಿ ಹೇಳಿ ಮುಗಿಸಬಹುದಾದದ್ದಕ್ಕೂ ಬೈಕ್ ಹತ್ತಿ ಹೋಗುತ್ತಿದ್ದೆ. ಸಂಡೂರಿನಿಂದ ಬರುವಾಗ ಅಂಗಿ ಕೆಂಪಾಗುತ್ತಿತ್ತು, ಕಂಪ್ಲಿಯಿಂದ ಬರುವಾಗ ಹೊಟ್ಟಿನ ಧೂಳಿನಿಂದ ಬೆಳ್ಳಗಾಗುತ್ತಿತ್ತು. ಒಂದೇ ಕಡೆ ಕೂತರೆ ನನಗೆ ಯೋಚನೆಗಳು ಬರುವುದಿಲ್ಲ, ಅನುಮಾನಗಳಷ್ಟೇ ಬರುತ್ತವೆ.

ಕೊನೆಗೆ ಮೂರೂ ಕಡೆ ಒಂದೇ ಪೆಟ್ಟಿಗೆ ಕಂಡಿತು. ಹೊಸಪೇಟೆಯಲ್ಲಿ ಒಂದು ಪತ್ರ ಓದಿದರೆ ಕಂಪ್ಲಿಯ ಫೋನಿನಲ್ಲಿ ಅದರ ದಪ್ಪಕ್ಷರ ತೆಳುವಾಗುತ್ತಿತ್ತು. ನಡುವಿನವರು ಇದನ್ನು ಐದಾರು ಸಲ ಮಾಡಿಸಿ ನೋಡಿದರು. ಮೂರೂ ಕಡೆ ಹೋಗಿ ಎಲ್ಲರಿಗೂ ಒಂದು ಮಾತು ಹೇಳಿದೆ: ಇನ್ನು ಮುಂದೆ ಒಂದು ಕಡೆ ಅಳಿಸಿದರೆ ಮೂರೂ ಕಡೆ ಹೋಗುತ್ತದೆ, ಆದ್ದರಿಂದ ಯಾರೂ ಏನನ್ನೂ ಅಳಿಸಬೇಡಿ. ಇದಲ್ಲದೆ, ಗುಮಾಸ್ತರ ಕಂಪ್ಯೂಟರಿನಲ್ಲಿ ಮೇಲ್ ಪ್ರೋಗ್ರಾಮ್ ಮುಚ್ಚುವಾಗ ಕಸದ ಬುಟ್ಟಿ ತಾನೇ ಖಾಲಿಯಾಗುವಂತೆ ಯಾರೋ ಎಂದೋ ಹಾಕಿದ್ದ ಟಿಕ್ ಗುರುತನ್ನೂ ತೆಗೆದೆ. ಕೈತಪ್ಪಿ ಅಳಿಸಿದರೂ ಪತ್ರ ಬುಟ್ಟಿಯಲ್ಲಿ ಉಳಿಯಲಿ ಎಂದು. ಹೀಗೆ ಎರಡು ಜಾಗ್ರತೆ ವಹಿಸಿದೆ ಎಂದು ನನ್ನ ನೆನಪು.

ಒಂದು ವಾರ ದೂರು ಬರಲಿಲ್ಲ. ಎರಡನೆಯ ವಾರ ಸಂಡೂರಿನಿಂದ ಫೋನ್ ಬಂತು. ಲಾರಿಗಳ ಪರವಾನಗಿ ನವೀಕರಣದ ಬಗ್ಗೆ ಬಂದಿದ್ದ ಪತ್ರ ಮಧ್ಯಾಹ್ನ ಇತ್ತು, ಮಾರನೆಯ ಬೆಳಿಗ್ಗೆ ಇಲ್ಲ. ನಾನು ಸಂಪರ್ಕವನ್ನು ದೂರಿದೆ. ಮೂರು ದಿನಗಳ ಮೇಲೆ ಅತಿಥಿಗೃಹದ ಒಂದು ಕಾದಿರಿಸುವಿಕೆಯ ಪತ್ರ ಹಾಗೆಯೇ ಮಾಯವಾಯಿತು. ಹನ್ನೊಂದು ಜನರ ತಂಡ ಬಂದು ಬಾಗಿಲಲ್ಲಿ ಚೀಲ ಇಳಿಸಿ ನಿಂತಾಗ ಅವರಿಗೆಂದು ಒಂದು ಕೋಣೆಯೂ ಇರಲಿಲ್ಲ. ಸಣ್ಣವರು ತಾವೇ ನಿಂತು ಅವರನ್ನೆಲ್ಲ ಹೊಸಪೇಟೆಯ ಲಾಡ್ಜ್‌ಗಳಿಗೆ ಹಂಚಿ ಕಳಿಸಬೇಕಾಯಿತು. ನಾನು ಹೋದಾಗ ಅವರು ಅತಿಥಿಗೃಹದ ಕಟ್ಟೆಯ ಮೇಲೆ ಕೂತಿದ್ದರು. ಈ ಸಲ ಚಹಾ ಬರಲಿಲ್ಲ.

“ಮಧ್ಯಾಹ್ನ ಕಣ್ಣಾರೆ ನೋಡೀನಿ. ಮುಂಜಾನಿ ಉತ್ತರ ಬರಿಯೋಣ ಅಂತ ಬಿಟ್ಟೆ. ಮುಂಜಾನಿ ಅದು ಇಲ್ಲ. ಮೊದ್ಲು ಗುಮಾಸ್ತರು ಕಳಿಸಿದಷ್ಟ ನೋಡ್ತಿದ್ದೆ, ಈಗ ಅವರು ಬಿಟ್ಟಷ್ಟ ನೋಡಾಕತ್ತೀನಿ. ನೀವು ಇದನ್ನ ಜೋಡಿಸಿ ಕೊಟ್ರೋ, ಕಿತ್ತು ಕೊಟ್ರೋ?”

ಮೊದಲು ನಾನು ಶಂಕಿಸಿದ್ದು ನನ್ನದೇ ಪ್ರೋಗ್ರಾಮನ್ನು. ತಾಳೆ ನೋಡುವಾಗ ಸಂಪರ್ಕ ಕಡಿದರೆ, ಕಪಾಟಿನಲ್ಲಿ ಪತ್ರವೇ ಇಲ್ಲವೆಂದು ತಪ್ಪು ತಿಳಿದು ಅಳಿಸುತ್ತಿರಬಹುದು. ಸಂಡೂರಿನ ಯಂತ್ರದಲ್ಲಿ ಅದನ್ನು ಎರಡು ದಿನ ನಿಲ್ಲಿಸಿದೆ. ಆ ಎರಡು ದಿನವೂ ಕಂಪ್ಲಿಯ ಫೋನಿನಲ್ಲಿ ಪತ್ರಗಳು ಮಾಯವಾದವು. ಹಾಗಾದರೆ ಪ್ರೋಗ್ರಾಮಿನ ತಪ್ಪಲ್ಲ. ನಡುವಿನವರಿಗೆ ಒಂದು ಕೆಲಸ ಕೊಟ್ಟೆ: ಗಂಟೆಗೊಮ್ಮೆ ಪೆಟ್ಟಿಗೆಯ ಚಿತ್ರ ತೆಗೆದು ಕಳಿಸಬೇಕು. ಐದು ಗಂಟೆಯ ಚಿತ್ರದಲ್ಲಿ ಎಲ್ಲವೂ ಇತ್ತು. ಆರು ಗಂಟೆಯ ಚಿತ್ರದಲ್ಲಿ ಆ ದಿನದ ಒಂದು ಪತ್ರವೂ ಇರಲಿಲ್ಲ.

ಮೇಲ್ ಸರ್ವರನ್ನು ಬಾಡಿಗೆಗೆ ಕೊಟ್ಟ ಕಂಪನಿಯಿಂದ ಲಾಗ್ ತರಿಸಲು ಮೂರು ದಿನ ಹಿಡಿಯಿತು. ಬಂದ ಮೇಲೆ ಓದಲು ಐದು ನಿಮಿಷ ಸಾಕಾಯಿತು. ಭಾನುವಾರ ಬಿಟ್ಟು ಪ್ರತಿ ದಿನ, ಐದೂ ಮುಕ್ಕಾಲರಿಂದ ಆರು ಗಂಟೆಯ ನಡುವೆ, ಆ ದಿನದ ಎಲ್ಲ ಪತ್ರಗಳಿಗೂ ಅಳಿಸುವ ಆಜ್ಞೆ. ಅದರ ಬೆನ್ನಿಗೇ ಬುಟ್ಟಿ ಖಾಲಿ ಮಾಡುವ ಆಜ್ಞೆ. ಎರಡೂ ಹೋದದ್ದು ಗುಮಾಸ್ತರ ಡೆಸ್ಕ್‌ಟಾಪಿನಿಂದ.

ಮಾರನೆಯ ದಿನ ಸಂಜೆ ಐದೂವರೆಗೆ ಹೋಗಿ ಅವರ ಪಕ್ಕ ಕೂತೆ. ಏನನ್ನೂ ಕೇಳಲಿಲ್ಲ. ಅವರು ಏನನ್ನೂ ಮರೆಮಾಡಲಿಲ್ಲ. ಆ ದಿನದ ಪತ್ರಗಳನ್ನು ಒಂದೊಂದಾಗಿ ಮುದ್ರಿಸಿದರು. ಆವಕ ಪುಸ್ತಕದಲ್ಲಿ, ಅಂದರೆ ಒಳಬಂದ ಟಪಾಲು ಬರೆದಿಡುವ ಉದ್ದನೆಯ ಪುಸ್ತಕದಲ್ಲಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು. ಅದೇ ಸಂಖ್ಯೆಯನ್ನು ಕಾಗದದ ಬಲ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಫೈಲಿಗೆ ಸೇರಿಸಿದರು. ಆಮೇಲೆ ಪರದೆಯ ಮೇಲಿದ್ದ ಅಷ್ಟನ್ನೂ ಆರಿಸಿ ಅಳಿಸಿದರು, ಪ್ರೋಗ್ರಾಮ್ ಮುಚ್ಚಿದರು, ಕನ್ನಡಕ ತೆಗೆದಿಟ್ಟರು. ಏಕೆ ಅಳಿಸಿದಿರಿ ಎಂದು ಆಗ ಕೇಳಿದೆ.

“ಟ್ರೇ ಖಾಲಿ ಆಗದ ಬೀಗ ಹಾಕಬಾರ್ದು ಅಂತ ಹಿರೇ ಸಾವ್ಕಾರ್ರ, ಅಂದ್ರ ಇವರ ತಂದಿಯವರ, ಕಟ್ಟಳಿ ಐತ್ರಿ. ಟ್ರೇದಾಗ ಕಾಗದ ಉಳೀತಂದ್ರ ಕೆಲಸ ಉಳೀತು ಅಂತ ಲೆಕ್ಕ. ಈಗ ಟ್ರೇ ಹೋಗಿ ಇದು ಬಂದೈತಿ. ಕಟ್ಟಳಿ ಏನು ಹೋಗಿಲ್ಲಲ್ಲ.”

ಹಳೆಯ ಪದ್ಧತಿಯಲ್ಲಿ ಅವರು ಎಷ್ಟೋ ವರ್ಷ ಹೀಗೆ ಅಳಿಸಿದ್ದರೂ ಅವರ ಕಂಪ್ಯೂಟರಿನ ಪ್ರತಿ ಮಾತ್ರ ಹೋಗುತ್ತಿತ್ತು. ಈಗ ಅವರು ಕಿಟಕಿಯಲ್ಲಿ ಕೈಹಾಕಿ ಕಪಾಟನ್ನೇ ಖಾಲಿ ಮಾಡುತ್ತಿದ್ದರು. ಅಂದಂದಿನ ಪತ್ರಕ್ಕೆ ಅಂದೇ ಉತ್ತರ ಕೊಟ್ಟು ಮುಗಿಸಿದವರಿಗೆ ಅದು ಗೊತ್ತಾಗಿರಲಿಲ್ಲ. ಅಳಿಸಬೇಡಿ ಎಂದು ಹೇಳಿದ್ದೆನಲ್ಲ ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು.

“ನನಗ ಹೇಳಿಲ್ರಿ ಸರ. ನಾನ ನಿಮಗ ಹೇಳೀನಿ, ಸಂಜಿಕ ಎಲ್ಲಾ ತೆಗೀತೀನಿ ಅಂತ. ನೀವು ಹೂಂ ಅಂದ್ರಿ.”

ಅಂಥ ಮಾತು ನನ್ನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಇನ್ನೊಂದು. ನಾನು ಅವರ ಕುರ್ಚಿಯಲ್ಲಿ ಕೂತಿದ್ದೇನೆ, ಮೊಣಕೈಗೆ ಅವರ ಫೈಲುಗಳು ತಾಗುತ್ತಿವೆ, ಅವರು ಪಕ್ಕದಲ್ಲಿ ನಿಂತು ಹಣೆಗೆ ಕರವಸ್ತ್ರ ಒತ್ತಿಕೊಳ್ಳುತ್ತಿದ್ದಾರೆ, ನಾನು ಬುಟ್ಟಿಯ ಗುರುತು ತೆಗೆಯುತ್ತ, ಅಳಿಸಬೇಡಿ ಎಂದು ಹೇಳುತ್ತಿದ್ದೇನೆ. ಚಿತ್ರ ಇಷ್ಟು ಸ್ಪಷ್ಟವಾಗಿತ್ತು.

ಆ ವಾರವೇ ಮೂವರು ಸಾಹುಕಾರರೂ ಹೊಸಪೇಟೆಯ ಕಚೇರಿಯಲ್ಲಿ ಕೂಡಿದರು. ಗುಮಾಸ್ತರನ್ನು ಹೊರಗೆ ಕೂರಿಸಿದ್ದರು. ಲಾಗ್‌ನಲ್ಲಿ ಕಂಡದ್ದನ್ನು ನಾನು ಹೇಳಿದೆ. ಅಳಿಸಿದ ಪ್ರತಿಯೊಂದು ಪತ್ರಕ್ಕೂ ಆವಕ ಪುಸ್ತಕದಲ್ಲಿ ಸಂಖ್ಯೆಯಿದೆ, ಫೈಲಿನಲ್ಲಿ ಮುದ್ರಿತ ಪ್ರತಿಯಿದೆ, ಒಂದೂ ತಪ್ಪಿಲ್ಲ, ಹಾಗಾಗಿ ಮುಚ್ಚಿಡುವ ಉದ್ದೇಶ ಇದ್ದಂತೆ ಕಾಣುವುದಿಲ್ಲ ಎಂದೂ ಹೇಳಿದೆ. ಆ ಫೈಲು ಇರುವುದು ಅಣ್ಣನ ಕಚೇರಿಯ ಕಪಾಟಿನಲ್ಲಿ ತಾನೇ ಎಂದು ಸಣ್ಣವರು ಕೇಳಿದರು. ದೊಡ್ಡವರು ಮಾತಾಡಲಿಲ್ಲ. ಗುಮಾಸ್ತರ ಪರ ಅವರು ಒಂದು ಮಾತು ಆಡಿದರೂ ತಮ್ಮನ ಗುಮಾನಿ ನಿಜವಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ಒಂದು ಪತ್ರಕ್ಕೆ ಇಷ್ಟು ಎಳೆದಾಡಬೇಕೇ ಎಂದು ನಡುವಿನವರು ಅಂದರು. ಹನ್ನೊಂದು ಜನರ ಮುಂದೆ ಕೈಮುಗಿದು ನಿಂತವನು ತಾನು ಎಂದು ಸಣ್ಣವರು ಉತ್ತರ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಬ್ಯಾಡ ಅಂದ ಮ್ಯಾಲೂ ಅಳಿಸಿದ್ರ, ಅವರು ನಾಳಿಂದ ಬರೋದು ಬ್ಯಾಡ. ನೀವು ಹೇಳೇ ಇಲ್ಲಂದ್ರ ಆ ಮಾತು ಬ್ಯಾರೆ. ನಿಮಗ ಯಾವ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನೀವು ಬರದು ಕೊಡ್ರಿ, ಅದರಂಗ ನಡೀತೀವಿ.”

ಉಳಿದಿಬ್ಬರೂ ಒಪ್ಪಿದರು. ಎರಡು ದಿನದಲ್ಲಿ ಮೂವರಿಗೂ ಒಂದು ಪತ್ರ ಬರೆಯಬೇಕು ಎಂದಾಯಿತು. ಹೊರಗೆ ಬಂದಾಗ ಗುಮಾಸ್ತರು ಎದ್ದು ನಿಂತರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕೂತ ಕುರ್ಚಿ, ಆ ವಯಸ್ಸಿನಲ್ಲಿ ಬೇರೆ ಯಾರೂ ಅವರನ್ನು ಕೂರಿಸಿಕೊಳ್ಳುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಟಪಾಲು ಮುಚ್ಚಿಟ್ಟ ಗುಮಾಸ್ತ ಎಂಬ ಮಾತು ಚಿತ್ತವಾಡ್ಗಿಯ ಓಣಿಗಳಲ್ಲಿ ಅವರಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

ಪತ್ರ ಬರೆಯುವುದು ಸುಲಭ ಎಂದುಕೊಂಡೆ. ನಾನು ಹೇಳಿದ್ದೆ, ಅವರು ಕೇಳಲಿಲ್ಲ ಅಥವಾ ಮರೆತರು. ಅನುಕ್ರಮ ತಪ್ಪಬಾರದೆಂದು ಮೊದಲಿಂದ ಬರೆಯುತ್ತ ಬಂದೆ. ಬುಟ್ಟಿ ಖಾಲಿಯಾಗುವ ಗುರುತು ತೆಗೆದ ಸಾಲಿಗೆ ಬಂದಾಗ ದಿನಾಂಕ ಬೇಕಾಯಿತು. ಮೇಲ್ ಪ್ರೋಗ್ರಾಮ್ ತನ್ನ ಆಯ್ಕೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತದೆ, ಅದು ಕೊನೆಯ ಸಲ ಬದಲಾದ ದಿನಾಂಕ ಸಿಗುತ್ತದೆ. ದೂರದಿಂದಲೇ ಗುಮಾಸ್ತರ ಕಂಪ್ಯೂಟರಿಗೆ ಹೊಕ್ಕು ಆ ಕಡತ ತೆಗೆದೆ.

ಗುರುತು ಇದ್ದಲ್ಲೇ ಇತ್ತು. ತೆಗೆದಿರಲೇ ಇಲ್ಲ.

ಲಾಗ್‌ನಲ್ಲಿ ಬುಟ್ಟಿ ಖಾಲಿ ಮಾಡುವ ಆಜ್ಞೆ ಕಂಡಾಗಲೇ ಇದು ನನಗೆ ಹೊಳೆಯಬೇಕಿತ್ತು. ಗುಮಾಸ್ತರೇ ಬುಟ್ಟಿಯನ್ನೂ ಖಾಲಿ ಮಾಡುತ್ತಾರೆ ಎಂದು ಸುಲಭವಾಗಿ ನಂಬಿಬಿಟ್ಟಿದ್ದೆ. ಅವರ ಪಕ್ಕ ಕೂತು ನೋಡಿದಾಗ ಅವರು ಬುಟ್ಟಿಯನ್ನು ಮುಟ್ಟಲೇ ಇಲ್ಲ, ಪ್ರೋಗ್ರಾಮ್ ಮುಚ್ಚಿದರು ಅಷ್ಟೇ. ಅದನ್ನೂ ಕಣ್ಣಿಂದ ನೋಡಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಅದೇ ಕಡತ ತೆಗೆದು ನೋಡಿದೆ. ಅಲ್ಲಿ ಗುರುತು ತೆಗೆದಿತ್ತು. ದಿನಾಂಕ ನಾನು ಕೆಲಸ ಮಾಡಿದ ದಿನದ್ದೇ. ಎರಡೂ ಪರದೆಗಳ ಮೇಲೆ ಒಂದೇ ಅಕ್ಕಿ ಚೀಲ. ನಾನು ಕೂತಿದ್ದದ್ದು ಯಾರೂ ಕೂರದ ಕುರ್ಚಿಯಲ್ಲಿ. ಆ ಮೇಜಿನ ಮೇಲೆ ಫೈಲುಗಳಿರುವುದಿಲ್ಲ. ನನ್ನ ಮೊಣಕೈಗೆ ತಾಗಿದ ಫೈಲುಗಳನ್ನು, ಪಕ್ಕದಲ್ಲಿ ನಿಂತ ಗುಮಾಸ್ತರನ್ನು, ಅವರ ಕರವಸ್ತ್ರವನ್ನು ನನ್ನ ನೆನಪು ಬೇರೆ ಯಾವುದೋ ದಿನದಿಂದ ತಂದು ಅಲ್ಲಿ ಜೋಡಿಸಿತ್ತು.

ಚಿತ್ರದ ಅರ್ಧ ಸುಳ್ಳಾದ ಮೇಲೆ ಉಳಿದರ್ಧವನ್ನು ಏನು ಮಾಡುವುದು? ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಒಂದು ಅಳತೆಗೋಲು ತಪ್ಪು ತೋರಿಸಿದರೆ ಅದರಿಂದ ತೆಗೆದ ಎಲ್ಲ ಅಳತೆಗಳನ್ನೂ ಬದಿಗಿಡಬೇಕೆಂದು ಕಲಿಸಿದ್ದರು. ಅಳಿಸಬೇಡಿ ಎಂಬ ಮಾತನ್ನು ಸಂಡೂರಿನಲ್ಲಿ ಹೇಳಿದ್ದಕ್ಕೆ ಅಲ್ಲಿನ ಐದು ಜನ ಸಾಕ್ಷಿ. ಕಂಪ್ಲಿಯಲ್ಲಿ ನಡುವಿನವರು ಸಾಕ್ಷಿ. ಹೊಸಪೇಟೆಯಲ್ಲಿ ನನ್ನ ಆ ಚಿತ್ರ ಬಿಟ್ಟರೆ ಯಾರೂ ಇಲ್ಲ. ಎದುರಿಗೆ ಗುಮಾಸ್ತರ ಮಾತು, ಅದೂ ತಡವರಿಸದೆ ಆಡಿದ್ದು.

ಎದ್ದು ಬೈಕ್ ತೆಗೆದುಕೊಂಡು ಕಂಪ್ಲಿ ರಸ್ತೆ ಹಿಡಿದೆ. ಬುಕ್ಕಸಾಗರದ ಹತ್ತಿರ ಕಾಲುವೆಯ ದಂಡೆಯಲ್ಲಿ ನಿಲ್ಲಿಸಿದೆ. ಗದ್ದೆಯಲ್ಲಿ ಹೆಂಗಸರು ಭತ್ತದ ಸಸಿ ನಾಟಿ ಮಾಡುತ್ತಿದ್ದರು. ಅಲ್ಲಿ ನನಗೆ ಯಾವ ಹೊಸ ಸಾಕ್ಷಿಯೂ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ನನ್ನ ಮಾತು ತಪ್ಪಾಗಿದ್ದರೆ ಒಬ್ಬರ ಕೆಲಸ ಹೋಗುತ್ತದೆ, ಅವರ ಮಾತು ತಪ್ಪಾಗಿದ್ದರೆ ನನ್ನ ಹೆಸರಿಗೆ ಸ್ವಲ್ಪ ಕುಂದು. ಇಷ್ಟು ತೂಗಿ ನೋಡಿ ವಾಪಸು ಬಂದು ಪತ್ರ ಮುಗಿಸಿದೆ. ಅದರ ಮುಖ್ಯ ಸಾಲುಗಳು ಇವು: “ಪ್ರತಿ ಸಂಜೆ ಪತ್ರಗಳನ್ನು ಅಳಿಸುವ ರೂಢಿಯನ್ನು ಗುಮಾಸ್ತರು ನನಗೆ ಮೊದಲೇ ತಿಳಿಸಿದ್ದರು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಂಪ್ಯೂಟರಿನಲ್ಲಿ ಮಾಡಬೇಕಿದ್ದ ಬದಲಾವಣೆಯನ್ನು ಪಕ್ಕದ ಕಂಪ್ಯೂಟರಿನಲ್ಲಿ ಮಾಡಿದ್ದೇನೆ. ತಪ್ಪು ನನ್ನದು.” ಮೂವರಿಗೂ ಕಳಿಸಿದೆ.

ನಡುವಿನವರು, ಆಯಿತು ಬಿಡಿ ಎಂದು ಒಂದು ಸಾಲು ಬರೆದರು. ಸಣ್ಣವರಿಂದ ಉತ್ತರವಿಲ್ಲ. ದೊಡ್ಡವರು ಫೋನ್ ಮಾಡಿ, ಗುಮಾಸ್ತರು ಬರುತ್ತಿದ್ದಾರೆ, ಬಾಕಿ ಕೆಲಸ ಮುಗಿಸಿಕೊಡಿ ಎಂದಷ್ಟೇ ಹೇಳಿದರು.

ಬಾಕಿ ಕೆಲಸವೆಂದರೆ ಗುಮಾಸ್ತರ ಟ್ರೇ. ಅವರ ಕಟ್ಟಳೆ ಬಿಡಿಸುವ ಬದಲು ಅದಕ್ಕೆ ಜಾಗ ಮಾಡಿಕೊಟ್ಟೆ. ಸರ್ವರಿನಲ್ಲಿ ಅವರಿಗೆಂದೇ ಇನ್ನೊಂದು ಪೆಟ್ಟಿಗೆ ತೆರೆದೆ. ಬಂದ ಪ್ರತಿ ಪತ್ರದ ಒಂದು ನಕಲು ಅಲ್ಲಿಗೂ ಬೀಳುತ್ತದೆ. ಅದನ್ನು ಅವರು ದಿನಾ ಖಾಲಿ ಮಾಡಬಹುದು. ಎಲ್ಲರೂ ನೋಡುವ ಪೆಟ್ಟಿಗೆಯಲ್ಲಿ ಅಳಿಸುವ ಅಧಿಕಾರವನ್ನು ಯಾರಿಗೂ ಕೊಡಲಿಲ್ಲ, ಸಾಹುಕಾರರಿಗೂ ಇಲ್ಲ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು, ಮಾಡಲು ಒಂದು ಗಂಟೆ ಹಿಡಿಯಿತು. ಗುಮಾಸ್ತರು ಅಂದು ಸಂಜೆ ತಮ್ಮ ಪೆಟ್ಟಿಗೆ ಖಾಲಿ ಮಾಡಿದರು. ಕಂಪ್ಲಿಯ ಫೋನಿನಲ್ಲಿ ಎಲ್ಲ ಇದೆಯೆಂದು ಖಾತ್ರಿಯಾಯಿತು.

ನಾನು ಹೆಲ್ಮೆಟ್ ಹಾಕಿಕೊಳ್ಳುವಾಗ ಅವರು ಬಾಗಿಲವರೆಗೆ ಬಂದರು. ನನ್ನ ಪತ್ರವನ್ನು ದೊಡ್ಡವರು ಅವರಿಗೆ ತೋರಿಸಿದ್ದರಂತೆ. ಅದಕ್ಕೂ ಗುಮಾಸ್ತರು ಸಂಖ್ಯೆ ಕೊಟ್ಟು ಫೈಲಿಗೆ ಹಾಕಿದ್ದರಂತೆ. 

“ಸರ, ನಾ ನಿಮಗ ಹೇಳಿದ್ದೆನೋ ಇಲ್ಲೋ, ನನಗೂ ಖಾತ್ರಿ ಇಲ್ರಿ. ಹೇಳಬೇಕು ಅಂತ ಇತ್ತು. ಹೇಳಿದಂಗೂ ಅನಸ್ತೈತಿ.”

ಮತ್ತೆ ಅಷ್ಟು ಗಟ್ಟಿಯಾಗಿ ಏಕೆ ಹೇಳಿದಿರಿ ಎಂದೆ.

“ನೀವು ಗಟ್ಟಿಯಾಗಿ ಕೇಳಿದ್ರಿ.”

 ಹಾಗಿದ್ದರೆ ನನ್ನ ಪತ್ರದ ಒಂದು ಸಾಲು ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳುತ್ತದೆ, ಇನ್ನೊಂದು ಪತ್ರ ಬರೆಯಬೇಕಾಗುತ್ತದೆ ಎಂದೆ. ಅವರು ಕರವಸ್ತ್ರ ತೆಗೆದರು, ಒತ್ತಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

“ಕೆಲಸ ಹೋಗತೈತೇನ್ರಿ?”

ಹೋಗಲಿಕ್ಕಿಲ್ಲ ಅನ್ನಿಸುತ್ತದೆ, ಖಾತ್ರಿ ಹೇಳಲಾರೆ ಎಂದೆ.

“ನೀವು ಯಾವುದಕ್ಕ ಖಾತ್ರಿ ಅಂದೀರಿ ಬಿಡ್ರಿ” ಎಂದು ಅವರು ಸಣ್ಣಗೆ ನಕ್ಕರು. ಆಮೇಲೆ, “ಬರೀರಿ” ಎಂದರು.

ಮನೆಗೆ ಹೋಗಿ ಆ ಒಂದು ಸಾಲು ತೆಗೆದೆ. ಅದರ ಜಾಗದಲ್ಲಿ ಹೀಗೆ ಬರೆದೆ: “ಯಾರು ಯಾರಿಗೆ ಏನು ಹೇಳಿದರು ಎಂಬುದು ಈಗ ನನಗೂ ಗುಮಾಸ್ತರಿಗೂ ಖಚಿತವಿಲ್ಲ. ಖಚಿತವಿರುವುದು ಇಷ್ಟು: ಜೋಡಿಸುವ ಮೊದಲು, ಸಂಜೆ ನೀವು ಟಪಾಲನ್ನು ಏನು ಮಾಡುತ್ತೀರಿ ಎಂದು ನಾನು ಅವರನ್ನು ಕೇಳಬೇಕಿತ್ತು. ಕೇಳಿದೆನೆಂದು ನನ್ನ ಯಾವ ಟಿಪ್ಪಣಿಯಲ್ಲೂ ಇಲ್ಲ.” ಕೇಳಲಿಲ್ಲ ಎಂದು ನೇರವಾಗಿ ಬರೆಯಲು ಹೊರಟಿದ್ದೆ. ಅದೂ ನೆನಪಿನ ಮಾತೇ ಎಂದು ಕೈತಡೆದು, ಟಿಪ್ಪಣಿಗಳನ್ನು ತಿರುವಿ ನೋಡಿ, ಇಷ್ಟಕ್ಕೆ ನಿಲ್ಲಿಸಿದೆ. ಮೂವರು ಸಾಹುಕಾರರ ಜೊತೆ ಈ ಸಲ ಗುಮಾಸ್ತರ ವಿಳಾಸವನ್ನೂ ಸೇರಿಸಿದೆ.

ಮಾರನೆಯ ಬೆಳಿಗ್ಗೆ ಸಂಡೂರಿನಿಂದ ಸಣ್ಣವರ ಫೋನ್ ಬಂತು. ದಿನಕ್ಕೊಂದು ಬರೆಯುತ್ತೀರಲ್ಲ, ಮೂರನೆಯದೂ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಆ ಕಡೆ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ನಿಂತ ಮೇಲೆ ಅವರು ಮಾತು ಮುಂದುವರಿಸಿದರು.

“ಮೊದಲ್ನೇದನ್ನ ನಾ ಪೂರಾ ನಂಬಿರಲಿಲ್ಲ. ಯಾರೋ ಬರಸ್ಯಾರ ಅನ್ಕೊಂಡಿದ್ದೆ. ಇದನ್ನ ಯಾರೂ ಬರಸಂಗಿಲ್ಲ. ಇರ್ಲಿ, ಅವರು ಅಲ್ಲೇ ಕುಂದರಲಿ.”

ಮಧ್ಯಾಹ್ನ ಗುಮಾಸ್ತರು ಫೋನ್ ಮಾಡಿದರು. ಎರಡನೆಯ ಪತ್ರ ಬಂದಿದೆ, ಮುದ್ರಿಸಿದ್ದೇನೆ, ಸಂಖ್ಯೆ ಕೊಟ್ಟಿದ್ದೇನೆ ಎಂದರು. ಮೊದಲಿನದರಲ್ಲಿ ತಪ್ಪಿದೆಯಲ್ಲ, ಅದನ್ನು ಫೈಲಿನಿಂದ ತೆಗೆಯಲೇ ಎಂದು ಕೇಳಿದರು.

ಬೇಡ, ಎರಡೂ ಇರಲಿ ಎಂದೆ.